ಜೇಜುರಿಯ ಹರಕೆ, ಶಿಲುಬೆಯ ಕಥೆ

ಪುಣೆಯಲ್ಲಿ ನೆಲಸಿರುವ ಕನ್ನಡಿಗರಿಗೆ ಜೇಜುರಿಯು ಪರಸ್ಥಳವಲ್ಲ. ಹುಬ್ಬಳ್ಳಿ, ಬೆಳಗಾವಿಗಳಿಂದ ಮೀರಜ ಮಾರ್ಗವಾಗಿ ಬರುವ ನಮ್ಮ ಬಂಧುಗಳು ರೈಲುಗಾಡಿಯು ಜೇಜುರಿಯನ್ನು ದಾಟುವಾಗ ಕಿಟಕಿಯಿಂದಲೇ ಕೈಮುಗಿಯುವುದನ್ನು ನಾವು ಚಿಕ್ಕಂದಿನಿಂದ ಕಂಡಿದ್ದೇವೆ. ಮರಾಠಿಗರ ಖಂಡೋಬನೇ ನಮ್ಮ ಮೈಲಾರಲಿಂಗ. ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಜೇಜುರಿಯಲ್ಲಿ ವಾಘ್ಯಾಗಳು ಅದೇ ದೇವರ ಮಹಿಮೆಯನ್ನು ಹಾಡುತ್ತಾರೆ. ಜೇಜುರಿಯ ಭಕ್ತರು ಕೂಗುವ ‘ಯೇಳಕೋಟ’ ಎಂಬ ಘೋಷದಲ್ಲಿ ಕನ್ನಡದ ‘ಏಳು ಕೋಟಿ’ಯೇ ಅಡಗಿದೆಯೆಂದು ನಮ್ಮ ಹಿರಿಯರು ಅಭಿಮಾನದಿಂದ ಹೇಳುವುದುಂಟು.

ಆದರೆ ಕಳೆದ ಏಪ್ರಿಲ್ ತಿಂಗಳ ಒಂದು ಆದಿತ್ಯವಾರ ನಾವು ಆರು ಮಂದಿ ಸಹಪಾಠಿಗಳು ಆ ಗುಡ್ಡವನ್ನು ಹತ್ತಿದುದು ವಿಹಾರಕ್ಕಾಗಿ ಅಲ್ಲ. ತೀರಿಕೊಂಡ ಗೆಳೆಯನೊಬ್ಬನ ತಾಯಿಯ ಹರಕೆಯ ಗಂಟನ್ನು ಹೊತ್ತುಕೊಂಡು ಹೋಗಿದ್ದೆವು. ಅದಕ್ಕೆ ಮೂರು ದಿನ ಮುಂಚೆ ನಮ್ಮ ಗುರುಗಳು ತರಗತಿಯಲ್ಲಿ ಕ್ರಿಸ್ತನ ಶಿಲುಬೆಯ ಕಥೆಯನ್ನು ಹೇಳಿದ್ದರು. ಕೇಳಿದಾಗ ಅದು ಕಥೆಯಾಗಿಯೇ ಇದ್ದಿತು. ಜೇಜುರಿಯ ಮೆಟ್ಟಿಲುಗಳ ಮೇಲೆ ಅದರ ಅರ್ಥ ನಮಗೆ ಹೊಳೆಯಿತು. ಹೇಗೆಂಬುದನ್ನು ನಮ್ಮ ಓರಗೆಯವರಿಗೂ ಕಿರಿಯರಿಗೂ ತಿಳಿಸಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಆ ಗೆಳೆಯನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮೊಡನೆ ಓದಿದವರಿಗೆ ಅವನು ಗೊತ್ತು; ಉಳಿದವರಿಗೆ ಹೆಸರಿನಿಂದ ಆಗಬೇಕಾದುದೇನೂ ಇಲ್ಲ. ಅವನು ಗಣಿತದಲ್ಲಿ ಮುಂದು, ಓಟದಲ್ಲಿ ಹಿಂದು, ನಗುವುದರಲ್ಲಿ ಎಲ್ಲರಿಗಿಂತಲೂ ಮುಂದು. ಒಂಬತ್ತನೆಯ ಇಯತ್ತೆಯ ದೀಪಾವಳಿಯ ರಜೆ ಮುಗಿದು ಶಾಲೆ ತೆರೆದಾಗ ಅವನ ಸ್ಥಳ ಬರಿದಾಗಿತ್ತು. ರಕ್ತದ ಕಾಯಿಲೆಯೆಂದು ತಿಳಿಯಿತು. ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಸಂಕ್ರಾಂತಿಯಾದ ಕೆಲವು ದಿನಗಳಿಗೆ ಅವನು ನಮ್ಮನ್ನು ಅಗಲಿದನು.

ಇಷ್ಟನ್ನು ಬರೆಯುವುದು ಕಷ್ಟವಲ್ಲ. ಮುಂದಿನ ಮಾತು ಕಷ್ಟ. ಅವನು ಆಸ್ಪತ್ರೆ ಸೇರಿದ ಮೊದಲ ವಾರದಲ್ಲಿ ನಾವೆಲ್ಲರೂ ಕೂಡಿ ಹೋಗಿದ್ದೆವು. ಎರಡನೆಯ ಸಲ ಹೋದಾಗ ಔಷಧದ ಪರಿಣಾಮವಾಗಿ ಅವನ ತಲೆಗೂದಲು ಉದುರಿತ್ತು, ತುಟಿ ಒಣಗಿತ್ತು, ಆದರೂ ಅವನು ನಕ್ಕನು. ನಮಗೆ ನಗಲಾಗಲಿಲ್ಲ. ಮೂರನೆಯ ಸಲ ನಾವು ಹೋಗಲಿಲ್ಲ. ಸಹಾಮಾಹಿ ಪರೀಕ್ಷೆಯೆಂದೆವು, ಸ್ನೇಹಸಮ್ಮೇಳನದ ನಾಟಕದ ತಾಲೀಮು ಎಂದೆವು, ಬಸ್ಸು ಸಿಕ್ಕುವುದಿಲ್ಲವೆಂದೆವು. ನಿಜವಾದ ಕಾರಣ ನಮ್ಮ ಮನಸ್ಸಿಗೆ ಗೊತ್ತಿತ್ತು. ನಾವು ಅಂಜಿದ್ದೆವು. ಆ ಮೂರನೆಯ ಸಲವು ಮತ್ತೆ ಬರಲೇ ಇಲ್ಲ.

ಅವನ ತಾಯಿಯು ಜೇಜುರಿಯ ದೇವರಿಗೆ ಹರಕೆ ಹೊತ್ತಿದ್ದರು. ಮಗನು ಗುಣಮುಖನಾದರೆ ಅವನ ಕೈಹಿಡಿದು ಗುಡ್ಡವನ್ನೇರಿ ಸವಾ ಸೇರು ಭಂಡಾರವನ್ನು ಹಾರಿಸುವೆನೆಂದು ಬೇಡಿಕೊಂಡಿದ್ದರು. ಮಗನು ಉಳಿಯಲಿಲ್ಲ. ಹೀಗಿದ್ದೂ ಏಪ್ರಿಲ್ ತಿಂಗಳಲ್ಲಿ ಅವರು ನಮ್ಮ ಗುರುಗಳಿಗೆ ಹೇಳಿಕಳುಹಿಸಿದರು: ಬರುವ ಆದಿತ್ಯವಾರ ಹರಕೆ ತೀರಿಸಲು ಹೋಗುವೆನು, ಮಗನ ಗೆಳೆಯರು ಜೊತೆಗೆ ಬಂದರೆ ಒಳ್ಳೆಯದು. ಅವನ ತಂದೆಯವರು ಬರಲೊಲ್ಲೆನೆಂದರು. ದೇವರ ಮೇಲೆ ಅವರಿಗೆ ಮುನಿಸು. ಅದನ್ನು ತಪ್ಪೆನ್ನುವುದಕ್ಕೆ ನಾವು ಯಾರು?

ನಮಗೆ ಈ ಸುದ್ದಿ ತಿಳಿದುದು ಗುರುವಾರ, ಕೊನೆಯ ತಾಸಿನಲ್ಲಿ. ಮರುದಿನ ಶುಭ ಶುಕ್ರವಾರದ ರಜೆ. ನಮ್ಮ ಕನ್ನಡದ ಗುರುಗಳು ಧಾರವಾಡದ ಕ್ರೈಸ್ತ ಮನೆತನದವರು. ನಮ್ಮಲ್ಲೊಬ್ಬಳು ಎದ್ದು ನಿಂತು, “ಸರ್, ಬೇಡಿದ್ದನ್ನು ದೇವರು ಕೊಡಲಿಲ್ಲ. ಮತ್ತೆ ಹರಕೆ ತೀರಿಸುವುದು ಏತಕ್ಕೆ?” ಎಂದು ಕೇಳಿದಳು. ಗುರುಗಳು ಬಹಳ ಹೊತ್ತು ಸುಮ್ಮನಿದ್ದರು. “ನನಗೆ ಉತ್ತರ ಗೊತ್ತಿಲ್ಲ. ಒಂದು ಕಥೆ ಗೊತ್ತಿದೆ. ಮತಬೋಧೆಯೆಂದು ತಿಳಿಯಬೇಡಿರಿ. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಾಗಿರಲಿಲ್ಲ. ಆದರೂ ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಕಾವ್ಯವನ್ನೂ, ಬುದ್ಧನ ಕೊನೆಯ ದಿನವನ್ನು ಕುರಿತು ‘ವೈಶಾಖಿ’ಯನ್ನೂ ಬರೆದರು. ಮಹಾತ್ಮರ ಮರಣವು ಎಲ್ಲ ಜನರ ಸೊತ್ತು,” ಎಂದು ಪೀಠಿಕೆ ಹಾಕಿ ಕಥೆಯನ್ನು ಪ್ರಾರಂಭಿಸಿದರು.

ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಮಾತು. ಯೆಹೂದ್ಯರ ನಾಡು ರೋಮ್ ಸಾಮ್ರಾಜ್ಯಕ್ಕೆ ಅಧೀನವಾಗಿದ್ದಿತು. ಕ್ರಿ. ಶ. 26 ರಿಂದ 36 ರ ವರೆಗೆ ಯೂದಾಯ ಪ್ರಾಂತಕ್ಕೆ ಪೊಂತ್ಯ ಪಿಲಾತನೆಂಬವನು ಅಧಿಪತಿ. ಅವನ ಕಾಲದಲ್ಲಿ ಯೇಸುವೆಂಬ ತರುಣ ಬೋಧಕನಿಗೆ ಶಿಲುಬೆಯ ಮರಣವನ್ನು ವಿಧಿಸಲಾಯಿತು. ರೋಮನರು ಈ ಶಿಕ್ಷೆಯನ್ನು ಗುಲಾಮರಿಗೂ ಬಂಡುಕೋರರಿಗೂ ಮೀಸಲಿಟ್ಟಿದ್ದರು. ಕೊಲ್ಲುವುದಷ್ಟೇ ಅದರ ಉದ್ದೇಶವಲ್ಲ. ಹಾದಿಹೋಕರ ಕಣ್ಣೆದುರಿಗೆ ಮನುಷ್ಯನ ಮಾನವನ್ನು ಕಳೆದು ಕೊಲ್ಲುವುದು. ಯೆರೂಸಲೇಮ್ ಪಟ್ಟಣದ ಹೊರಗೆ ಗೊಲ್ಗೊಥಾ ಎಂಬ ಸ್ಥಳವಿದ್ದಿತು. ಆ ಹೆಸರಿಗೆ ತಲೆಬುರುಡೆಯ ಸ್ಥಳವೆಂದು ಅರ್ಥ. ಅಲ್ಲಿ ಇಬ್ಬರು ಕಳ್ಳರ ನಡುವೆ ಅವನನ್ನು ಮರಕ್ಕೆ ಜಡಿದರು.

“ನಮ್ಮ ಕನ್ನಡದ ಕಥೆಗಳನ್ನು ನೆನೆಯಿರಿ,” ಎಂದರು ಗುರುಗಳು. “ಪುಣ್ಯಕೋಟಿಯು ಹುಲಿಯ ಬಾಯಿಗೆ ತಲೆಯೊಡ್ಡುತ್ತದೆ, ಆದರೆ ಹುಲಿಯೇ ಪ್ರಾಣ ಬಿಡುತ್ತದೆ. ಹರಿಶ್ಚಂದ್ರನು ಖಡ್ಗವನ್ನೆತ್ತುತ್ತಾನೆ, ಅದು ಬೀಳುವ ಮುನ್ನ ದೇವರು ಬರುತ್ತಾನೆ, ಸತ್ತ ಲೋಹಿತಾಶ್ವನೂ ಏಳುತ್ತಾನೆ. ಗೊಲ್ಗೊಥಾದಲ್ಲಿ ಶುಕ್ರವಾರ ಯಾರೂ ಬರಲಿಲ್ಲ. ದೇವರು ತನ್ನನ್ನು ಏಕೆ ಕೈಬಿಟ್ಟನೆಂದು ಶಿಲುಬೆಯ ಮೇಲಿದ್ದವನೇ ಕೂಗಿ ಕೇಳಿದನು. ಅದಕ್ಕೆ ಉತ್ತರ ಬಂದಿತೆಂದು ಎಲ್ಲಿಯೂ ಬರೆದಿಲ್ಲ. ನಿಮ್ಮ ಗೆಳೆಯನ ತಂದೆಯ ಮುನಿಸನ್ನು ಅಪಚಾರವೆಂದು ನಾನು ಹೇಳಲಾರೆ. ಆ ಮುನಿಸಿಗೂ ಈ ಕಥೆಯಲ್ಲಿ ಸ್ಥಳವಿದೆ.”

ಗುರುಗಳು ಮುಂದುವರಿಸಿದರು. ಆ ದಿನ ಅವನ ಶಿಷ್ಯರು ಏನು ಮಾಡಿದರು? ಒಬ್ಬನು ಹಣಕ್ಕಾಗಿ ಹಿಡಿದುಕೊಟ್ಟನು. ಉಳಿದವರು ಓಡಿಹೋದರು. ಎಂದಿಗೂ ಕೈಬಿಡೆನೆಂದು ಆಣೆಯಿಟ್ಟಿದ್ದ ಪೇತ್ರನು, ಚಳಿ ಕಾಯಿಸುತ್ತ ಬೆಂಕಿಯ ಬಳಿ ಇದ್ದಾಗ, ಆ ಮನುಷ್ಯನನ್ನು ತಾನು ಅರಿಯೆನೆಂದು ಕೋಳಿ ಕೂಗುವುದರೊಳಗೆ ಮೂರು ಸಲ ಹೇಳಿದನು. ಬಳಿಕ ಹೊರಗೆ ಹೋಗಿ ಅತ್ತನು. ಶಿಲುಬೆಯನ್ನು ಹೊರಲು ನೆರವಾದವನು ಶಿಷ್ಯನಲ್ಲ. ದಾರಿಯಲ್ಲಿ ಬರುತ್ತಿದ್ದ ಕುರೇನ್ಯದ ಸೀಮೋನನೆಂಬವನು, ಅವನೂ ಸೈನಿಕರ ಬಲವಂತದಿಂದ. ಹತ್ತಿರ ನಿಂತವರು ತಾಯಿ ಮರಿಯಳು, ಮಗ್ದಲದ ಮರಿಯಳು, ಇನ್ನು ಕೆಲವರು ಹೆಂಗಸರು ಮತ್ತು ಒಬ್ಬ ಪ್ರಿಯಶಿಷ್ಯ. ಸಾಯುತ್ತಿದ್ದವನು ತನ್ನನ್ನು ಕೊಲ್ಲುತ್ತಿರುವವರನ್ನು ಕ್ಷಮಿಸೆಂದು ಬೇಡಿದನು. ತಾಯಿಗೆ ಆ ಶಿಷ್ಯನನ್ನು ತೋರಿಸಿ ಅವನೇ ನಿನ್ನ ಮಗನೆಂದೂ, ಶಿಷ್ಯನಿಗೆ ತಾಯಿಯನ್ನು ತೋರಿಸಿ ಅವಳೇ ನಿನ್ನ ತಾಯಿಯೆಂದೂ ಒಪ್ಪಿಸಿದನು.

ನಾವು ಆರೂ ಮಂದಿ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಓಡಿಹೋದವರ ಮಾತು ಬಂದಾಗ ನಮ್ಮ ಮಾತೇ ಬಂದಂತಾಗಿತ್ತು.

ಕಥೆಯ ಕೊನೆಯನ್ನು ಗುರುಗಳು ಬಹಳ ಮೆಲ್ಲಗೆ ಹೇಳಿದರು. ಶನಿವಾರ ಸಬ್ಬತ್ ದಿನ. ಯಾರೂ ಏನೂ ಮಾಡುವಂತಿರಲಿಲ್ಲ. ಮೂರನೆಯ ದಿನ, ಆದಿತ್ಯವಾರ ನಸುಕಿನಲ್ಲಿ, ಆ ಹೆಂಗಸರು ಸುಗಂಧದ್ರವ್ಯಗಳನ್ನು ತೆಗೆದುಕೊಂಡು ಸಮಾಧಿಯ ಕಡೆಗೆ ಹೋದರು. “ಅವರು ಪವಾಡವನ್ನು ನೋಡಲು ಹೋದವರಲ್ಲ,” ಎಂದರು ಗುರುಗಳು. “ಸತ್ತವನಿಗೆ ಸಲ್ಲಬೇಕಾದುದನ್ನು ಸಲ್ಲಿಸಲು ಹೋದವರು. ಬಾಗಿಲಿನ ದೊಡ್ಡ ಕಲ್ಲನ್ನು ಯಾರು ಉರುಳಿಸಿಕೊಡುವರೆಂಬುದೂ ಅವರಿಗೆ ಗೊತ್ತಿರಲಿಲ್ಲ. ಆದರೂ ಹೊರಟರು. ಅವರು ಹೋದಾಗ ಕಲ್ಲು ಉರುಳಿತ್ತು, ಸಮಾಧಿಯು ಬರಿದಾಗಿತ್ತು. ಅವನು ಎದ್ದನೆಂದು ನಾವು ಕ್ರೈಸ್ತರು ನಂಬುತ್ತೇವೆ. ನೀವು ನಂಬಬೇಕೆಂದು ನಾನು ಹೇಳೆನು. ಆದರೆ ಆ ಸುದ್ದಿಯು ಮೊದಲು ತಲುಪಿದುದು ಯಾರಿಗೆಂಬುದನ್ನು ಮಾತ್ರ ಗಮನಿಸಿರಿ.” ಅಷ್ಟರಲ್ಲಿ ಗಂಟೆ ಬಾರಿಸಿತು.

ಆದಿತ್ಯವಾರ ಇನ್ನೂ ಕತ್ತಲಿರುವಾಗಲೇ ಬಾಡಿಗೆಯ ಜೀಪಿನಲ್ಲಿ ಪುಣೆಯನ್ನು ಬಿಟ್ಟೆವು. ಅಂದು ಕ್ರೈಸ್ತರಿಗೆ ಪುನರುತ್ಥಾನದ ಹಬ್ಬ. ಖಂಡೋಬನಿಗೂ ಆದಿತ್ಯವಾರವೇ ವಿಶೇಷ ದಿನ. “ಬೆಳಗಿನ ಪ್ರಾರ್ಥನೆಗೆ ಹೋಗುವುದಿಲ್ಲವೇ, ಸರ್?” ಎಂದು ಕೇಳಿದರೆ ಗುರುಗಳು, “ಇಂದು ನನ್ನ ಪ್ರಾರ್ಥನೆಯು ಗುಡ್ಡದ ಮೇಲೆ,” ಎಂದರು. ಸಾಸವಡ ದಾಟಿ ಜೇಜುರಿಯನ್ನು ಮುಟ್ಟಿದಾಗ ಬೆಳಗಾಗುತ್ತಿತ್ತು. ಗುಡ್ಡದ ಮೇಲೆ ಕೋಟೆಯಂತೆ ನಿಂತ ದೇಗುಲ, ನೂರಾರು ಮೆಟ್ಟಿಲುಗಳು, ಎರಡೂ ಬದಿಗೆ ಕಲ್ಲಿನ ದೀಪಮಾಲೆಗಳು. ಸಾವಿರಾರು ಭಕ್ತರು ಹಾರಿಸಿದ ಅರಿಸಿನದಿಂದ ಮೆಟ್ಟಿಲು, ಗೋಡೆ, ಜನರ ಮೈ, ಕೂದಲು ಎಲ್ಲವೂ ಹೊನ್ನಿನ ಬಣ್ಣ. ಜೇಜುರಿಯನ್ನು ಬಂಗಾರದ ಜೇಜುರಿಯೆಂದು ಕರೆಯುವುದು ಇದಕ್ಕಾಗಿಯೇ.

ಅವ್ವನವರು ಭಂಡಾರದ ಗಂಟನ್ನು ಸೆರಗಿನಲ್ಲಿ ಅವುಚಿಕೊಂಡು ಮೆಟ್ಟಿಲೇರಹತ್ತಿದರು. ಸ್ವಲ್ಪ ದೂರ ಹೋಗಿ ಕುಳಿತರು, ಮತ್ತೆ ಏರಿದರು, ಮತ್ತೆ ಕುಳಿತರು. ಎಡಬಲದಲ್ಲಿ ಹೊಸ ಮದುಮಕ್ಕಳು ಹೋಗುತ್ತಿದ್ದರು. ಈ ಕ್ಷೇತ್ರದ ರೂಢಿಯಂತೆ ಗಂಡನು ಹೆಂಡತಿಯನ್ನು ಎತ್ತಿಕೊಂಡು ಕೆಲವು ಮೆಟ್ಟಿಲೇರುವುದನ್ನು ಕಂಡು ಜನರು ನಗುತ್ತಿದ್ದರು. ಅಷ್ಟು ಜನರ ಹರ್ಷದ ನಡುವೆ ಅವ್ವನವರ ಮೌನವನ್ನು ನೋಡಲಾರದೆ ನಮ್ಮಲ್ಲೊಬ್ಬನು ತಡೆಯಲಾರದೆ ಕೇಳಿಬಿಟ್ಟನು: “ಅವ್ವಾ, ದೇವರು ನಡೆಸಿಕೊಡಲಿಲ್ಲ. ಮತ್ತ ಹರಕಿ ಯಾಕ ತೀರಸ್ತೀರಿ?”

ಅವರು ಸಿಟ್ಟಾಗಲಿಲ್ಲ. “ತಮ್ಮಾ, ಹರಕಿ ಅಂದ್ರ ವ್ಯಾಪಾರ ಅಲ್ಲ. ಅಂವಾ ಉಳದ್ರ ಕೊಡ್ತೀನಿ, ಇಲ್ಲಂದ್ರ ಇಲ್ಲ ಅನ್ನಾಕ ನಾ ಸಂತಿಗೆ ಬಂದಿಲ್ಲ. ಮೂರು ತಿಂಗಳು ರಾತ್ರಿ ನಾ ಯಾರ ಜೋಡಿ ಮಾತಾಡೀನಿ? ಈ ಮಲ್ಲಯ್ಯನ ಜೋಡಿ. ಅತ್ತರೂ ಅವನ ಮುಂದ, ಬೈದರೂ ಅವನ್ನ. ಈಗ ಕೆಲಸ ಮುಗೀತಂತ ಮಾರಿ ತಿರುಗಿಸಲೇನು?” ಎಂದರು.

ಆಗ ನಮ್ಮ ಎದೆಯಲ್ಲಿ ಕಟ್ಟಿಕೊಂಡಿದ್ದ ಮಾತು ಹೊರಗೆ ಬಂದಿತು. ಯಾರು ಮೊದಲು ಹೇಳಿದೆವೋ ನೆನಪಿಲ್ಲ. “ಅವ್ವಾ, ನಾವು ದವಾಖಾನಿಗೆ ಬರಲಿಲ್ಲ. ಅಂಜಿದ್ವಿ.” ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. “ಗೊತ್ತೈತಿ. ಅವಗೂ ಗೊತ್ತಿತ್ತು. ‘ಅವ್ರು ಅಂಜ್ಯಾರವ್ವಾ, ಬೈಬ್ಯಾಡ’ ಅಂತಿದ್ದ,” ಎಂದರು. ಬಳಿಕ ಗಂಟನ್ನು ಮುಂದೆ ಚಾಚಿ, “ಭಾರ ಆಗೇತಿ. ಒಬ್ಬೊಬ್ಬರು ಹಿಡಕೋರಿ,” ಎಂದರು.

ಸವಾ ಸೇರು ಭಂಡಾರವು ಎಷ್ಟು ಭಾರವಿದ್ದೀತು? ಆದರೂ ನಾವು ಆರು ಮಂದಿ ಅದನ್ನು ಸರದಿಯಂತೆ ಹೊತ್ತು ಮೇಲೆ ಸಾಗಿಸಿದೆವು. ಗುರುಗಳು ಹಿಂದಿನಿಂದ ಬರುತ್ತಿದ್ದರು. ಅವರ ಕಣ್ಣು ಒದ್ದೆಯಾಗಿದ್ದಿತು.

ದೇವಾಲಯದ ಅಂಗಳದಲ್ಲಿ ಹಿತ್ತಾಳೆಯ ದೊಡ್ಡ ಆಮೆಯಿದೆ. ಅದರ ಬಳಿ ಅವ್ವನವರು ಗಂಟು ಬಿಚ್ಚಿ ಭಂಡಾರವನ್ನು ಮೇಲಕ್ಕೆ ತೂರಿದರು. ಮಗನ ಹೆಸರನ್ನು ಕೂಗಿ ತೂರಿದರು. ನಾವೂ ತೂರಿದೆವು. ಆ ಹೊಂಬಣ್ಣದ ಧೂಳು ಗಾಳಿಯಲ್ಲಿ ಏರಿ, ಬಳಿಕ ನಮ್ಮೆಲ್ಲರ ತಲೆಯ ಮೇಲೆ, ಗುರುಗಳ ತಲೆಯ ಮೇಲೆ, ಗುರುತಿಲ್ಲದ ಜನರ ತಲೆಯ ಮೇಲೆ ಒಂದೇ ಸಮನಾಗಿ ಇಳಿಯಿತು. ಆ ಗಳಿಗೆಯಲ್ಲಿ, ನಸುಕಿನಲ್ಲಿ ಸುಗಂಧದ್ರವ್ಯಗಳನ್ನು ಹಿಡಿದು ಹೊರಟ ಹೆಂಗಸರು ಯಾರೆಂಬುದು ನಮಗೆ ತಿಳಿಯಿತು. ಪ್ರತಿಫಲದ ಆಸೆಯೆಲ್ಲ ಮುಗಿದ ಮೇಲೆಯೂ ಪ್ರೀತಿಯು ತನ್ನ ಕೆಲಸವನ್ನು ಬಿಡುವುದಿಲ್ಲ. ಹಾಗೆ ಬಿಡದೆ ಹೊರಟವರ ದಾರಿಯಲ್ಲಿಯೇ ಭರವಸೆಯು ಎದುರಾಗುತ್ತದೆ. ಮನೆಯಲ್ಲಿ ಕುಳಿತು ಕಾದವರಿಗಲ್ಲ.

ಜೇಜುರಿಯಲ್ಲಿ ಇನ್ನೊಂದು ವಿಶೇಷವನ್ನು ಕಂಡೆವು. ಖಂಡೋಬನು ಮಣಿ, ಮಲ್ಲರೆಂಬ ದೈತ್ಯರನ್ನು ಗೆದ್ದನೆಂದು ಪುರಾಣವು ಹೇಳುತ್ತದೆ. ಸೋತ ಮಣಿಯು ಪಶ್ಚಾತ್ತಾಪಪಟ್ಟು ಬೇಡಿಕೊಂಡುದರಿಂದ ದೇವರು ಅವನಿಗೂ ತನ್ನ ಸನ್ನಿಧಿಯಲ್ಲಿ ಸ್ಥಳ ಕೊಟ್ಟನು. ಇಂದಿಗೂ ಅಲ್ಲಿ ಮಣಿಯ ಮೂರ್ತಿಯಿದೆ. ಅದನ್ನು ತೋರಿಸಿ ಗುರುಗಳು ಪೇತ್ರನ ಕಥೆಯ ಉಳಿದ ಭಾಗವನ್ನು ಹೇಳಿದರು. ಎದ್ದು ಬಂದ ಯೇಸು ಪೇತ್ರನನ್ನು ಕಂಡಾಗ ಏಕೆ ಓಡಿಹೋದೆಯೆಂದು ಕೇಳಲಿಲ್ಲವಂತೆ. ನಿನಗೆ ನನ್ನ ಮೇಲೆ ಪ್ರೀತಿಯುಂಟೆ ಎಂದು ಮೂರು ಸಲ ಕೇಳಿದನಂತೆ. ಮೂರು ಸಲವೂ, ಹಾಗಾದರೆ ನನ್ನ ಕುರಿಗಳನ್ನು ನೋಡಿಕೋ ಎಂದು ಕೆಲಸವನ್ನು ಒಪ್ಪಿಸಿದನಂತೆ. ಓಡಿಹೋದವನಿಗೆ ಶಿಕ್ಷೆಯಾಗಲಿಲ್ಲ, ಬರಿಯ ಸಮಾಧಾನದ ಮಾತೂ ದೊರೆಯಲಿಲ್ಲ. ಅವನಿಗೆ ಒಂದು ಜವಾಬ್ದಾರಿ ದೊರೆಯಿತು.

ಗುಡ್ಡವನ್ನಿಳಿದು ಉಪಹಾರ ಮುಗಿಸಿದ ಮೇಲೆ ಗುರುಗಳು, “ಇದೇ ಜಿಲ್ಲೆಯಲ್ಲಿ ನೀವು ನೋಡಬೇಕಾದ ಇನ್ನೊಂದು ಸ್ಥಳವಿದೆ. ಅದನ್ನು ಕಟ್ಟಿದವರು ನಮ್ಮ ಕನ್ನಡ ನಾಡಿನಲ್ಲಿ ಹುಟ್ಟಿದವರು,” ಎಂದರು. ಅವ್ವನವರೂ ಒಪ್ಪಿದರು. ಮೋರಗಾವಿನ ಮೂಲಕ ಕೇಡಗಾವಿಗೆ ಹೋದೆವು. ಅಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಸಂಸ್ಥೆಯಿದೆ.

ರಮಾಬಾಯಿಯವರು 1858 ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಜನರ ವಿರೋಧವನ್ನು ಲೆಕ್ಕಿಸದೆ ಹೆಂಡತಿಗೆ ಸಂಸ್ಕೃತವನ್ನು ಕಲಿಸಿದವರು. ಆ ಕುಟುಂಬವು ಊರಿಂದೂರಿಗೆ ಪುರಾಣ ಹೇಳುತ್ತ ಅಲೆಯಿತು. 1874 ರ ಸುಮಾರಿನ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಹಸಿದ ರಮಾಬಾಯಿಯವರೂ ಅಣ್ಣನೂ ಕಾಲ್ನಡಿಗೆಯಲ್ಲಿ ದೇಶ ಸುತ್ತಿ ಕಲಕತ್ತೆಯನ್ನು ಮುಟ್ಟಿದರು. ಅಲ್ಲಿಯ ವಿದ್ವಾಂಸರು ಆ ತರುಣಿಗೆ ‘ಪಂಡಿತಾ’ ಎಂಬ ಬಿರುದನ್ನಿತ್ತರು. 1880 ರಲ್ಲಿ ಅಣ್ಣನೂ 1882 ರಲ್ಲಿ ಪತಿಯೂ ಮಡಿದರು. ಕೈಗೂಸಿನೊಡನೆ ಪುಣೆಗೆ ಬಂದರು. ಮರುವರ್ಷ ಇಂಗ್ಲೆಂಡಿಗೆ ಹೋದಾಗ, ಸಮಾಜವು ಪತಿತರೆಂದು ದೂರ ತಳ್ಳಿದ ಹೆಂಗಸರನ್ನು ಕ್ರೈಸ್ತ ಸೋದರಿಯರು ಆದರಿಸುವುದನ್ನು ಲಂಡನ್ನಿನ ಒಂದು ಆಶ್ರಮದಲ್ಲಿ ಕಂಡು ಅವರ ಮನಸ್ಸು ಕರಗಿತು. 1883 ರಲ್ಲಿ ಅವರು ಕ್ರೈಸ್ತಮತವನ್ನು ಸ್ವೀಕರಿಸಿದರು. 1889 ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು.

1896 ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮ ಬಿದ್ದಿತು. ಕ್ಷಾಮವೆಂದರೆ ಏನೆಂದು ರಮಾಬಾಯಿಯವರಿಗಿಂತ ಚೆನ್ನಾಗಿ ಬಲ್ಲವರಾರು? ಆ ಹೆಸರನ್ನು ಕೇಳಿದೊಡನೆ ಬಾಗಿಲು ಮುಚ್ಚಿಕೊಂಡಿದ್ದರೂ ಲೋಕವು ಅವರನ್ನು ನಿಂದಿಸುತ್ತಿರಲಿಲ್ಲ. ಅವರು ಬಾಗಿಲು ತೆರೆದು ಅಲ್ಲಿಗೇ ಹೊರಟರು. ನೂರಾರು ಅನಾಥ ಬಾಲಿಕೆಯರನ್ನು ಕರೆತಂದು ಕೇಡಗಾವಿನಲ್ಲಿ ಆಸರೆ ಕೊಟ್ಟರು. ಮಗಳು ಮನೋರಮಾಬಾಯಿಯವರು ನಮ್ಮ ಕಲಬುರಗಿಯಲ್ಲಿಯೂ ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ನಡೆಸಿದರು. 1921 ರಲ್ಲಿ ಆ ಒಬ್ಬಳೇ ಮಗಳೂ ತೀರಿಕೊಂಡಳು. ತಾಯಿಯು ತಾನು ಕೈಕೊಂಡಿದ್ದ ಬೈಬಲಿನ ಮರಾಠಿ ಭಾಷಾಂತರವನ್ನು ಮುಗಿಸಿ, 1922 ರ ಏಪ್ರಿಲ್ 5 ರಂದು ಕಣ್ಣು ಮುಚ್ಚಿದರು. ಅವರ ಸಂಸ್ಥೆಯು ಇಂದಿಗೂ ದಿಕ್ಕಿಲ್ಲದವರಿಗೆ ದಿಕ್ಕಾಗಿದೆ.

ಅವ್ವನವರು ಇದೆಲ್ಲವನ್ನೂ ಮರದ ನೆರಳಿನಲ್ಲಿ ಕುಳಿತು ಕೇಳಿದರು. “ಎಷ್ಟು ಮಂದಿನ್ನ ಕಳಕೊಂಡ್ಲು ಆ ತಾಯಿ,” ಎಂದರು. ಸ್ವಲ್ಪ ಹೊತ್ತಾದ ಮೇಲೆ, “ಎಷ್ಟು ಮಂದಿನ್ನ ಗಳಿಸಿದ್ಲು,” ಎಂದರು.

ಮನೆಯ ಬಾಗಿಲಿನಲ್ಲಿ ನಾವು ಬೀಳ್ಕೊಳ್ಳುವಾಗ ಅವರು ತಡೆದು, “ರವಿವಾರ ಬರ್ರಿ. ಕೈ ರೂಢಿ ಬಿಟ್ಟಿಲ್ಲ, ದಿನಾ ಎರಡು ರೊಟ್ಟಿ ಹೆಚ್ಚಿಗೇನ ತಟ್ಟತೀನಿ. ತಿನ್ನವ್ರು ಇಲ್ಲ,” ಎಂದರು. ಒಳಗೆ ಅವನ ತಂದೆಯವರು ಗೋಡೆಯ ಕಡೆಗೆ ಮುಖ ಮಾಡಿ ಕುಳಿತಿದ್ದರು. ನಮ್ಮ ಮೈಮೇಲಿನ ಭಂಡಾರವನ್ನು ನೋಡಿದರು, ಏನೂ ಹೇಳಲಿಲ್ಲ.

ಆ ದಿನದಿಂದ ಪ್ರತಿ ಆದಿತ್ಯವಾರ ನಮ್ಮಲ್ಲಿ ಇಬ್ಬರಾದರೂ ಅವರ ಮನೆಗೆ ಹೋಗುತ್ತೇವೆ. ರೊಟ್ಟಿ ತಿನ್ನುತ್ತೇವೆ, ಸಂತೆ ಮಾಡಿಕೊಡುತ್ತೇವೆ, ಅವನ ತಂಗಿಗೆ ಗಣಿತ ಹೇಳಿಕೊಡುತ್ತೇವೆ. ಅವನಷ್ಟು ಚೆನ್ನಾಗಿ ನಮಗೆ ಬರುವುದಿಲ್ಲ. ಕಳೆದ ತಿಂಗಳು ಲೆಕ್ಕವೊಂದು ಬಿಡಿಸಲಾರದೆ ಒದ್ದಾಡುತ್ತಿದ್ದಾಗ ಅವನ ತಂದೆಯವರು ಎದ್ದು ಬಂದು ನಮ್ಮ ಪಕ್ಕದಲ್ಲಿ ಕುಳಿತರು.

ಕಿರಿಯ ಮಿತ್ರರೇ, ನಮ್ಮ ಗೆಳೆಯನು ಏಕೆ ಸತ್ತನೆಂಬುದು ನಮಗೆ ಇಂದಿಗೂ ತಿಳಿಯದು. ಶಿಲುಬೆಯ ಕಥೆಯು ಅದನ್ನು ಹೇಳಿಕೊಡುವುದಿಲ್ಲ. ಜೇಜುರಿಯ ದೇವರೂ ಹೇಳಲಿಲ್ಲ. ಆದರೆ ಓಡಿಹೋದವರಿಗೂ ಹಿಂದಿರುಗಿ ಬರುವ ದಾರಿಯೊಂದುಂಟೆಂಬುದನ್ನು ಮಾತ್ರ ನಾವು ಅರಿತೆವು. ನಿಮ್ಮ ತರಗತಿಯಲ್ಲಿ ಯಾವುದಾದರೂ ಸ್ಥಳವು ಬರಿದಾಗಿದ್ದರೆ, ಯಾವನಾದರೂ ಗೆಳೆಯನು ಕಾಯಿಲೆಯಿಂದ ಮಲಗಿದ್ದರೆ, ನಮ್ಮಂತೆ ಅಂಜಿ ನಿಲ್ಲಬೇಡಿರಿ. ಏನು ಮಾತಾಡಬೇಕೆಂದು ತೋಚದಿದ್ದರೆ ಸುಮ್ಮನೆ ಹೋಗಿ ಕುಳಿತುಕೊಳ್ಳಿರಿ. ಮೂರನೆಯ ಸಲವನ್ನು ತಪ್ಪಿಸಬೇಡಿರಿ.